ನಡುವೆ ಒಂದು ತಿರುವಿದೆ

ಸಾಂಗಲಿಯ ವಿಶ್ರಾಮಬಾಗದ ತಾತ್ಯಾಸಾಹೇಬರಿಗೆ ದೊಡ್ಡ ಓದುಗರೆಂಬ ಹೆಸರು ಬಂದದ್ದು ನಿದ್ರೆಯ ಕೃಪೆಯಿಂದ.

ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಕಾಲದಲ್ಲಿ ಅವರು ಸಾಂಗಲಿಯಿಂದ ಮಿರಜಕ್ಕೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಆ ಬಸ್ಸಿನಲ್ಲಿ ಗುರುತಿನವರು ಬಹಳ. ಗುರುತಿನವರಿಗೆ ಮಾತು ಬಹಳ. ಅದರಿಂದ ಪಾರಾಗಲು ತಾತ್ಯಾಸಾಹೇಬರು ಒಂದು ಪತ್ತೇದಾರಿ ಕಾದಂಬರಿಯನ್ನು ಮುಖಕ್ಕೆ ಅಡ್ಡ ಹಿಡಿದು, ಅದರ ಮರೆಯಲ್ಲಿ ಕಣ್ಣು ಮುಚ್ಚುತ್ತಿದ್ದರು. ಪುಸ್ತಕದ ಆಚೆ ಕೂತವರಿಗೆ ರಕ್ತ ತೊಟ್ಟಿಕ್ಕುವ ಚಾಕು ಕಾಣುತ್ತಿತ್ತು, ಓಡುವ ನೆರಳು ಕಾಣುತ್ತಿತ್ತು. ಈಚೆ ನಡೆಯುತ್ತಿದ್ದುದು ತಾತ್ಯಾಸಾಹೇಬರಿಗೂ ಅವರ ಕನಸುಗಳಿಗೂ ಮಾತ್ರ ಗೊತ್ತಿತ್ತು. ಕೀರ್ತಿ ಎಂಬುದು ಮಳೆಯ ಹಾಗೆ ಸದ್ದು ಮಾಡಿಕೊಂಡು ಬರುವುದಿಲ್ಲ. ಹಳೆಯ ಗೋಡೆಯಲ್ಲಿ ತೇವ ಏರುವ ಹಾಗೆ, ಮನೆಯವರಿಗೇ ತಿಳಿಯದಂತೆ ಏರುತ್ತದೆ. ಒಂದು ದಿನ ಯಾರೋ ಕೇಳಿದರು: “ತಾತ್ಯಾ, ಒಂದ ಚಲೋ ಪುಸ್ತಕ ಹೇಳ್ರಲ್ಲ.” ತಾತ್ಯಾಸಾಹೇಬರು ಕೈಯಲ್ಲಿದ್ದುದನ್ನೇ ಕೊಟ್ಟು, ಅದರ ಹಿಂಬದಿಯ ರಟ್ಟಿನ ಮೇಲೆ ಅಚ್ಚಾಗಿದ್ದ ಮಾತನ್ನೇ ಗಂಭೀರವಾಗಿ ನುಡಿದರು: “ನಡುವ ಒಂದ ತಿರುವು ಐತಿ. ನಾ ಹೇಳೂದಿಲ್ಲ. ನೀವಽ ಓದಿ ನೋಡ್ರಿ.”

ಅಂದಿನಿಂದ ಆ ವಾಕ್ಯವೇ ಅವರ ವಿಮರ್ಶೆಯಾಯಿತು. ಅದು ಸುಳ್ಳಾಗುವ ಸಂಭವವೇ ಇರಲಿಲ್ಲ. ತಿರುವು ಸಿಕ್ಕಿದವನು ಕೈಮುಗಿಯುತ್ತಿದ್ದ. ಸಿಗದವನು ತನ್ನ ಬುದ್ಧಿಗೇ ಅದು ನಿಲುಕಲಿಲ್ಲವೆಂದು ತಲೆ ತಗ್ಗಿಸುತ್ತಿದ್ದ.

ಆಶ್ಚರ್ಯವೆಂದರೆ ಅವರು ಕೊಟ್ಟ ಪುಸ್ತಕಗಳು ನಿಜಕ್ಕೂ ತಿರುಗುತ್ತಿದ್ದವು. ನೆರೆಮನೆಯ ಅರಿಸಿನ ವ್ಯಾಪಾರಿ ಶಿವಲಿಂಗಪ್ಪನವರ ತಾಯಿಗೆ ಕೊಟ್ಟ ಕೊಲೆಯ ಕಾದಂಬರಿಯಲ್ಲಿ ಪತ್ತೇದಾರನು ಅರ್ಧ ದಾರಿಯಲ್ಲೇ ಕೊಲೆಗಾರನನ್ನು ಬಿಟ್ಟು, ವಿರಕ್ತನಾಗಿ ಕಾಶಿಗೆ ನಡೆದುಬಿಟ್ಟ. ಉಳಿದ ಪುಟಗಳ ತುಂಬ ಗಂಗೆ, ಸ್ನಾನಘಟ್ಟ, ಕಣ್ಣೀರು. ಸಮಡೋಳಿಯ ಬಾಹುಬಲಿಗೆ ಕೊಟ್ಟ ‘ಭೀಕರ ರಹಸ್ಯ’ದ ರಟ್ಟಿನೊಳಗೆ ರದ್ದಿ ಅಂಗಡಿಯವನು ಜೇನುಸಾಕಣೆಯ ಕೈಪಿಡಿಯನ್ನು ಹೊಲಿದಿದ್ದ. ವ್ರತನಿಷ್ಠ ಜೈನನಾದ ಬಾಹುಬಲಿ ಜೇನನ್ನು ಬೆರಳಲ್ಲೂ ಮುಟ್ಟುವವನಲ್ಲ. ಆದರೂ ಕೊಲೆಗಾರ ಸಿಕ್ಕಾನೆಂಬ ಆಸೆಯಿಂದ ಕಡೆಯ ಪುಟದವರೆಗೂ ಓದಿ, ರಾಣಿಜೇನಿನ ಮೇಲೆ ಸಂಶಯಪಟ್ಟು ಪುಸ್ತಕ ಮುಚ್ಚಿದ. “ತಾತ್ಯಾನ ಪುಸ್ತಕ ಯಾವ ಕಡೆ ಹೊಳ್ಳತೈತಿ ಅಂತ ದೇವರಿಗೂ ಗೊತ್ತಿಲ್ಲ” ಎಂದು ಜನ ಮೆಚ್ಚಿ ಹೇಳುತ್ತಿದ್ದರು. ದೇವರ ಜೊತೆಗೆ ತಾತ್ಯಾಸಾಹೇಬರಿಗೂ ಗೊತ್ತಿರಲಿಲ್ಲ ಎಂಬ ಸಂಗತಿ ಹೊರಬಿದ್ದಿರಲಿಲ್ಲ.

ನಿವೃತ್ತರಾದ ಮೇಲೆ ಅವರು ತಮ್ಮ ಜೈನ ಸಮಾಜದ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ರವಿವಾರ ಒಂದು ಮುಖಪುಟದ ಚಿತ್ರ ಹಾಕಿ ‘ಈ ವಾರದ ರಹಸ್ಯ’ ಎಂದು ಬರೆಯತೊಡಗಿದರು. ಮರಾಠಿ ಶಾಲೆಯಲ್ಲಿ ಕಲಿತು ಕನ್ನಡ ಓದಲು ಬಾರದ ಮೊಮ್ಮಕ್ಕಳ ಪೀಳಿಗೆ ಹೆಬ್ಬೆರಳೆತ್ತಿ ಮೆಚ್ಚುತ್ತಿತ್ತು. ಓದಲು ಬಾರದವರು ಮೆಚ್ಚುವ, ಓದದವರು ಶಿಫಾರಸು ಮಾಡುವ ಈ ವ್ಯವಹಾರದಲ್ಲಿ ಪುಸ್ತಕಗಳಷ್ಟೇ ಒಂಟಿಯಾಗಿದ್ದವು.

ಹೀಗಿರಲು ಅವರ ಹೆಂಡತಿ ಮಾಣಿಕಬಾಯಿಯ ಅಣ್ಣ, ಮ್ಹೈಸಾಳದ ಅಪ್ಪಾಸಾಬರು, ಹೊಟ್ಟೆ ಹಿಡಿದುಕೊಂಡು ಮಿರಜದ ಒಂದು ದವಾಖಾನೆಗೆ ಬಂದು ಮಲಗಿದರು. ಪಿತ್ತಕೋಶದಲ್ಲಿ ಕಲ್ಲು. ಅಪ್ಪಾಸಾಬರು ಕಬ್ಬಿನ ಬೆಳೆಗಾರರು. ಕೃಷ್ಣೆಯ ಮೊಸಳೆಗೆ ಹೆದರಿದವರಲ್ಲ, ಗದ್ದೆಯ ಹಾವಿಗೆ ಹೆದರಿದವರಲ್ಲ. ಅವರು ಹೆದರುತ್ತಿದ್ದುದು ಒಂದೇ ಒಂದು ಮಾತಿಗೆ: “ಏನೂ ಇಲ್ಲ.”

ಅದಕ್ಕೆ ಕಾರಣವಿತ್ತು. ಆ ಮನೆತನದಲ್ಲಿ ರೋಗಿಗೆ ನಿಜ ಹೇಳುವ ಪದ್ಧತಿಯಿಲ್ಲ. ಅಪ್ಪಾಸಾಬರ ತಂದೆಗೆ ಕಡೆಯ ಉಸಿರಿನವರೆಗೂ “ಏನೂ ಇಲ್ಲ, ಗಾಳಿ ಹಿಡದೈತಿ” ಎಂದೇ ಹೇಳಲಾಗಿತ್ತು. ಹಾಗೆ ಹೇಳಿದವರಲ್ಲಿ ಅಪ್ಪಾಸಾಬರೇ ಮೊದಲಿಗರು. ಆದ್ದರಿಂದ ಈಗ ಮಂಚದ ಮೇಲೆ ಮಲಗಿದ ಅವರು ಬಂದವರ ಬಾಯಿಯನ್ನು ನಂಬದೆ ಬೇರೆ ಗುರುತುಗಳನ್ನು ಹುಡುಕುತ್ತಿದ್ದರು. ಯಾರು ಬಂದರು, ಎಷ್ಟು ದೂರದಿಂದ ಬಂದರು, ಬಾಳೆಹಣ್ಣು ತಂದರೋ ಸೇಬು ತಂದರೋ, ಹೋಗುವಾಗ ಬಾಗಿಲಲ್ಲಿ ಹೊರಳಿ ನೋಡಿದರೋ ಇಲ್ಲವೋ. ಬಾಳೆಹಣ್ಣು ಕ್ಷೇಮ; ಸೇಬು ಚಿಂತಾಜನಕ; ಮಾತು ಬಿಟ್ಟ ದಾಯಾದಿ ದಾಳಿಂಬೆ ಹಿಡಿದು ಬಂದರೆ ಮುಗಿಯಿತೆಂದೇ ಅರ್ಥ.

ಆಪರೇಶನ್ನಿನ ಹಿಂದಿನ ದಿನ ಮಧ್ಯಾಹ್ನ ತಾತ್ಯಾಸಾಹೇಬರು ಹಣ್ಣಿನ ಬದಲು ಒಂದು ಪುಸ್ತಕ ಹಿಡಿದು ಹೋದರು. ಸಾಂಗಲಿಯ ರದ್ದಿ ಅಂಗಡಿಯಲ್ಲಿ ದೊರೆತದ್ದು. ಹೆಸರು ‘ಹಸಿರು ಪರದೆಯ ಮುತ್ತಿನ ಹಾರ’. ಮುಖಪುಟದಲ್ಲಿ ಒಂದು ಹಳೆಯ ವಾಡೆ, ಒಂದು ಲಾಟೀನು. ತಾತ್ಯಾಸಾಹೇಬರು ಮುಖಪುಟವನ್ನು ಆಮೂಲಾಗ್ರವಾಗಿ ಓದಿದ್ದರು.

“ಹೆಂಗದೀರಿ ಅಪ್ಪಾಸಾಬ್ರ?”

“ನೀವಽ ಹೇಳ್ರಿ ದಾಜಿ, ಹೆಂಗದೇನಿ ಅಂತ. ನನಗ ಯಾರೂ ಏನೂ ಹೇಳವೊಲ್ರು.”

ದಾಜಿ ಎಂದರೆ ಆ ಸೀಮೆಯಲ್ಲಿ ಅಕ್ಕತಂಗಿಯರ ಗಂಡ. ಮನೆಯ ಅಳಿಯನೆಂಬ ಆ ಗೌರವದ ಭಾರದಲ್ಲಿ ತಾತ್ಯಾಸಾಹೇಬರು ನಕ್ಕರು. “ಏನೂ ಇಲ್ಲರಿ!”

ಅಪ್ಪಾಸಾಬರ ಮುಖ ಕಬ್ಬಿನ ಸಿಪ್ಪೆಯಂತಾಯಿತು.

“ಸುಮ್ಮನ ಮಲಗಿ ಬ್ಯಾಸರಾಗೂದು ಬ್ಯಾಡಂತ ಇದನ್ನ ತಂದೇನಿ. ಮುತ್ತಿನ ಹಾರ ಕಳವಾದ ಕತಿ.”

“ನೀವು ಓದೀರಿ?”

“ಎರಡ ಸಲ.”

“ನನಗ ಯಾಕ ಇದನ್ನಽ ತಂದ್ರಿ?”

“ನಿಮಗಂತಽ ಆರಿಸಿ ತಂದೇನಿ. ನಡುವ ಒಂದ ತಿರುವು ಐತಿ. ನಾ ಹೇಳೂದಿಲ್ಲ. ನೀವಽ ಓದಿ ನೋಡ್ರಿ.” ರವಿವಾರದ ಚಿತ್ರಕ್ಕೆ ಪುಸ್ತಕ ಮರಳಿ ಬೇಕಾಗಿದ್ದುದರಿಂದ ಅವರು ಮತ್ತೊಂದು ಮಾತು ಸೇರಿಸಿದರು: “ಆಪರೇಶನ್ನಿನ ಮೊದಲಽ ಮುಗಿಸ್ರಿ. ಆಮ್ಯಾಲ ಆಗೂದಿಲ್ಲ. ಮಂದಿ ಭಾಳ ಬರ್ತಾರ.”

ಇಷ್ಟು ಹೇಳಿ, ಮೊಣಕಾಲು ನೋವಿನಿಂದ ದೀರ್ಘವಾಗಿ ನಿಟ್ಟುಸಿರುಬಿಟ್ಟು ಎದ್ದರು. ಆಸರೆಗಾಗಿ ಅಪ್ಪಾಸಾಬರ ಭುಜ ಹಿಡಿದರು. ಬಾಗಿಲಲ್ಲಿ, ಕೊಡೆ ಮರೆತೆನೇನೋ ಎಂದು ಹೊರಳಿ ನೋಡಿದರು. ರೋಗಿಯೊಬ್ಬನಿಗೆ ಇದಕ್ಕಿಂತ ಸ್ಪಷ್ಟವಾಗಿ ಮರಣಪತ್ರ ಓದಿ ಹೇಳುವುದು ಯಮನ ದೂತನಿಗೂ ಸಾಧ್ಯವಿರಲಿಲ್ಲ.

ಮರುದಿನ ಮುಂಜಾನೆ ಅಪ್ಪಾಸಾಬರ ಮಗಳು ಸಂಪದಾಳ ಫೋನು. ತಾಯಿಯಿಲ್ಲದ ಹುಡುಗಿ, ಅಪ್ಪನಿಗೆ ಅವಳೊಬ್ಬಳೇ. ಕನ್ನಡ ತಿಳಿಯುತ್ತಿತ್ತು, ಅಳುವಾಗ ಮಾತ್ರ ಮರಾಠಿ ನುಗ್ಗುತ್ತಿತ್ತು.

“ಮಾಮಾ, ಲವಕರ ಬರ್ರಿ, ಜಲ್ದಿ! ಪಪ್ಪಾ ಆಪರೇಶನ್ ನಕೋ, ಬ್ಯಾಡ ಅಂತ ಕುಂತಾರ. ದಾಜಿ ಸಗಳಂ, ಎಲ್ಲಾ ಹೇಳ್ಯಾರ ಅಂತಾರ. ನೀವು ಏನ ಹೇಳೀರಿ ಮಾಮಾ?”

ತಾತ್ಯಾಸಾಹೇಬರೂ ಮಾಣಿಕಬಾಯಿಯೂ ರಿಕ್ಷಾ ಹಿಡಿದು ಓಡಿದರು. ವಾರ್ಡಿನಲ್ಲಿ ಅಪ್ಪಾಸಾಬರು ದವಾಖಾನೆಯ ಬಟ್ಟೆ ಕಳಚಿ, ಧೋತರ ಉಟ್ಟು, ಟೋಪಿ ಹಾಕಿಕೊಂಡು, ಬಿಗಿದ ಚೀಲದ ಪಕ್ಕದಲ್ಲಿ ಕೂತಿದ್ದರು. ತೊಡೆಯ ಮೇಲೆ ಪುಸ್ತಕ. ತಾತ್ಯಾಸಾಹೇಬರನ್ನು ಕಂಡೊಡನೆ ಎದ್ದು ಎರಡೂ ಕೈ ಹಿಡಿದುಕೊಂಡರು.

“ದಾಜಿ, ಮನಿ ಮಂದಿಯೊಳಗ ನೀವೊಬ್ರಽ ಖರೇ ಹೇಳಿದವ್ರು. ಬಾಯಿಲೆ ಹೇಳಾಕ ಆಗಲಿಲ್ಲ, ಪುಸ್ತಕದಲೆ ಹೇಳಿದ್ರಿ.”

“ನಾ ಏನ ಹೇಳಿದ್ನಿ?”

“ಕೇಳವಾ ಮಾಣಿಕಾ.” ಅಪ್ಪಾಸಾಬರು ತಂಗಿಯ ಕಡೆ ತಿರುಗಿದರು. “ಮೊದಲ ಅರ್ಧ, ವಾಡೇದಾಗ ಮುತ್ತಿನ ಹಾರ ಕಳೀತೈತಿ. ಇನ್ಸ್‌ಪೆಕ್ಟರ್ ಹುಡುಕತಾನ. ಹೊಕ್ಕ ಖೋಲ್ಯಾಗೆಲ್ಲ ಒಂದ ಹಸರ ಪರದಿ. ಯಾಕ ಅಂತ ತಿಳಿಯೂದಿಲ್ಲ. ನಡುವ ನೋಡಿದ್ರ, ಅಂವ ಎಲ್ಲೂ ಹೋಗೇ ಇಲ್ಲ! ಮಂಚದ ಮ್ಯಾಲ ಮಲಗ್ಯಾನ. ಹೊಟ್ಟಿ ಕೊಯ್ದಾರ! ವಾಡೆ ಇಲ್ಲ, ಹಾರ ಇಲ್ಲ, ಎಲ್ಲಾ ಔಷಧದ ಗುಂಗು. ಹಸರ ಪರದಿ ಆ ಆಪರೇಶನ್ ಖೋಲಿದು. ಕಡೀಕ ಡಾಕ್ಟರ ಕೈ ತೊಳ್ಕೊಂತ ಅಂತಾನ, ‘ಇನ್ನ ಮಾಡೂದು ಏನೂ ಉಳದಿಲ್ಲ.’ ಅಷ್ಟಽ. ಮುಂದ ಹಾಳಿ ಇಲ್ಲ.”

“ಹಾಳಿ ಇಲ್ಲ?” ತಾತ್ಯಾಸಾಹೇಬರು ಪುಸ್ತಕ ಕಸಿದುಕೊಂಡು ನೋಡಿದರು. ನಿಜ. ಕಡೆಯ ಪುಟಗಳು ಕಿತ್ತು ಹೋಗಿದ್ದವು. ಪುಸ್ತಕದ ಆ ದಿಕ್ಕಿಗೆ ಅವರು ಎಂದೂ ಪ್ರಯಾಣ ಮಾಡಿರಲಿಲ್ಲ.

“ನನ್ನ ಮನಸ್ಸಿಗೆ ಹತ್ತಬಾರ್ದು ಅಂತ ನೀವಽ ಹರದು ಕೊಟ್ಟೀರಿ,” ಎಂದರು ಅಪ್ಪಾಸಾಬರು. “ಎಷ್ಟ ದೊಡ್ಡ ಮನಸ್ಸು ದಾಜಿ ನಿಮ್ದು!”

ಅದೇ ಹೊತ್ತಿಗೆ ನರ್ಸೊಬ್ಬಳು ಬಂದು, ಪಕ್ಕದ ಮಂಚದ ಕಾಗವಾಡದ ಮುದುಕನಿಗೆ ಸೂಜಿ ಚುಚ್ಚಲೆಂದು ಪರದೆ ಎಳೆದಳು. ಪರದೆ ಹಸಿರಾಗಿತ್ತು. ವಾರ್ಡಿಗೆ ವಾರ್ಡೇ ಅತ್ತ ತಿರುಗಿತು. ಪರದೆಯ ಆಚೆಯಿಂದ ಮುದುಕ ಕೂಗಿದ: “ನನಗೂ ಸೂಜಿ ಬ್ಯಾಡ! ಆ ಪುಸ್ತಕ ಪೂರಾ ತಿಳಿಯೂತನಕ ನನ್ನ ಮುಟ್ಟಬ್ಯಾಡ್ರಿ!”

ಸರ್ಜನ್ ಬಂದರು. ಡಾಕ್ಟರ್ ಸಂಘರ್ಷ, ಕಿರಿಯ ವಯಸ್ಸು, ಚುರುಕು ಕಣ್ಣು. ಗಡಿಯಾಚೆಯ ರೋಗಿಗಳಿಂದ ಅವರು ಕಲಿತ ಕನ್ನಡ ಮೂರು ವಾಕ್ಯಗಳದು: “ಎಲ್ಲಿ ನೋವೈತಿ?”, “ಊಟ ಮಾಡಬ್ಯಾಡ್ರಿ”, “ಗಾಳಿ ಹೋತೇನ್ರಿ?” ಈ ಮೂರರಲ್ಲಿ ಯಾವುದೂ ಸದ್ಯದ ಸಂಕಟಕ್ಕೆ ಹೊಂದದ್ದರಿಂದ ಅವರು ತಾತ್ಯಾಸಾಹೇಬರನ್ನು ಹೊರಗಿನ ಮೊಗಸಾಲೆಗೆ ಕರೆದು ಮರಾಠಿಯಲ್ಲೇ ಹೇಳಿದರು. ಪಿತ್ತಕೋಶ ಊದಿಕೊಂಡಿದೆ, ಇಂದು ತೆಗೆಯದಿದ್ದರೆ ಒಳಗೇ ಒಡೆಯಬಹುದು, ಒಡೆದರೆ ಜೀವಕ್ಕೆ ಅಪಾಯ. ರೋಗಿ ಒಪ್ಪದೆ ತಾನು ಕತ್ತರಿ ಹಿಡಿಯುವಂತಿಲ್ಲ.

“ನೀವು ಆ ಪುಸ್ತಕ ಎರಡು ಸಲ ಓದಿದ್ದೀರಂತೆ. ಕಡೆಗೆ ಆ ಮನುಷ್ಯ ಬದುಕುತ್ತಾನೋ ಇಲ್ಲವೋ? ಬದುಕುತ್ತಾನೆಂದಾದರೆ ಹೋಗಿ ಹೇಳಿ. ಸಾಯುತ್ತಾನೆಂದಾದರೂ ಬದುಕುತ್ತಾನೆಂದೇ ಹೇಳಿ.”

ತಾತ್ಯಾಸಾಹೇಬರು ತಲೆಯ ಮೇಲಿನ ಕನ್ನಡಕ ಸರಿಪಡಿಸಿಕೊಂಡು ಮಂಚದ ಬಳಿ ಬಂದು ನಿಂತರು.

“ಅಪ್ಪಾಸಾಬ್ರ, ಕಡೀಕ ಎಲ್ಲಾ ಚಲೋ ಆಗತೈತಿ. ಅಂವ ಎದ್ದ ಕುಂದರತಾನ. ಚಾ ಕುಡೀತಾನ. ಹಾರಾನೂ ಸಿಗತೈತಿ.”

“ಹಾರ ಇಲ್ಲಽ ಇಲ್ಲಲ್ಲ ದಾಜಿ? ಅದು ಗುಂಗಿನಾಗಿಂದು.”

“ಅದು... ಗುಂಗಿನಾಗಿನ ಹಾರ ಬ್ಯಾರೆ. ಇದು ಖರೇ ಹಾರ.”

“ಎಲ್ಲಿ ಸಿಕ್ತು?”

ತಾತ್ಯಾಸಾಹೇಬರು ಸುತ್ತ ನೋಡಿದರು. ಅಪ್ಪಾಸಾಬರ ಹೊಟ್ಟೆಯ ಹೊರತಾಗಿ ಅಲ್ಲಿ ಕಲ್ಪನೆಗೆ ಆಸರೆಯಾಗುವಂಥದು ಏನೂ ಕಾಣಲಿಲ್ಲ. “ಹೊಟ್ಟ್ಯಾಗ.”

“ಯಾರ ಹೊಟ್ಟ್ಯಾಗ?”

“ಇನ್ಸ್‌ಪೆಕ್ಟರಂದು.”

“ನುಂಗಿದವ್ರ್ಯಾರು?”

“ಅವನಽ ನುಂಗಿದ್ದ.”

ಸಕ್ಕರೆ ಕಾರಖಾನೆಯಲ್ಲಿ ಕಬ್ಬು ತೂಗುವ ಕಾಟೆಯ ಮುಂದೆ ನಿಂತು ನಿಂತು ಮೋಸ ಹಿಡಿಯುವುದರಲ್ಲಿ ಪಳಗಿದ ಕಣ್ಣು ಅಪ್ಪಾಸಾಬರದು. ಅದು ಕಿರಿದಾಯಿತು. “ಹಂಗಾರ ಕಳ್ಳ ಅವನಽ?”

“ಹೂಂ.”

“ಪೋಲೀಸ್ರು ಬಿಟ್ರ ಏನು?”

“ಬಿಡತಾರ? ಹಿಡದ್ರು.”

“ಏನ ಶಿಕ್ಷಾ ಆತು?”

“ಫಾ...” ಎಂದು ತಾತ್ಯಾಸಾಹೇಬರು ಬಾಯಿ ಮುಚ್ಚಿಕೊಂಡರು. ತಡವಾಗಿತ್ತು.

“ಫಾಶಿ!” ಎಂದು ಪರದೆಯಾಚೆಯಿಂದ ಕಾಗವಾಡದ ಮುದುಕ ಚೀರಿದ. “ಆಪರೇಶನ್ನಿನಾಗ ಉಳದ್ರೂ ಗಲ್ಲು ತಪ್ಪಲಿಲ್ಲಲ್ಲೋ ಯಪ್ಪಾ!”

ಅಪ್ಪಾಸಾಬರು ಚೀಲ ಹೆಗಲಿಗೇರಿಸಿದರು. ಸಂಪದಾ ಅಪ್ಪನ ತೋಳು ಹಿಡಿದು ಬಿಕ್ಕಿದಳು. ಆ ಹೊತ್ತಿಗೆ ಒಂದು ನೋವು ಬಂದು ಅಪ್ಪಾಸಾಬರು ನಡು ಬಗ್ಗಿಸಿ ಮಂಚಕ್ಕೆ ಕುಸಿದರು, ತುಟಿ ಬೆಳ್ಳಗಾಯಿತು. ಆಗ ಯಾರಿಗೂ ನಗು ಬರಲಿಲ್ಲ.

ಮಾಣಿಕಬಾಯಿ ಗಂಡನನ್ನು ಕಿಟಕಿಯ ಬಳಿ ಎಳೆದೊಯ್ದಳು.

“ಓದಿಲ್ಲ ಅಂತ ಹೇಳ್ರಿ.”

“ಏನು?”

“ಆ ಪುಸ್ತಕ ನೀವು ಓದಿಲ್ಲ ಅಂತ ನಮ್ಮಣ್ಣಗ ಹೇಳ್ರಿ. ಓದಽ ಇಲ್ಲಂದ್ರ ಸೂಚನಾ ಎಲ್ಲಿಂದ ಬಂತು?”

“ನಿನಗ ಯಾರ ಹೇಳಿದ್ರು ನಾ ಓದಿಲ್ಲ ಅಂತ?”

“ಇಷ್ಟ ವರ್ಷ ಬಾಳೇ ಮಾಡೇನಿ, ನನಗ ತಿಳಿಯೂದಿಲ್ಲೇನ್ರಿ? ಕನ್ನಡಕ ತಲೀ ಮ್ಯಾಲಿರತೈತಿ, ಪುಸ್ತಕ ಮಾರಿ ಮ್ಯಾಲಿರತೈತಿ. ಕಣ್ಣು ಮಾತ್ರ ಎಲ್ಲಿರತಾವಂತ ದೇವರಿಗೇ ಗೊತ್ತು.”

ಇಷ್ಟು ವರ್ಷ ಅವಳು ಬಂದವರಿಗೆಲ್ಲ ಚಹಾ ಕೊಟ್ಟು “ಅವ್ರು ಓದಾಕತ್ತಾರ್ರಿ, ಸದ್ದು ಮಾಡಬ್ಯಾಡ್ರಿ” ಎಂದು ಹೇಳುತ್ತಿದ್ದಳು. ತಾತ್ಯಾಸಾಹೇಬರು ಅದನ್ನು ನೆನೆದು ಕಿಟಕಿಯ ಸರಳು ಹಿಡಿದುಕೊಂಡರು. ತಾನು ಕಾಪಾಡಿಕೊಂಡು ಬಂದ ಗುಟ್ಟನ್ನು ತನಗಿಂತ ಜೋಪಾನವಾಗಿ ಮತ್ತೊಬ್ಬರು ಕಾಪಾಡುತ್ತಿದ್ದರೆಂದು ತಿಳಿದಾಗ ಮನುಷ್ಯನಿಗೆ ನಿಲ್ಲಲು ನೆಲ ಸಾಲದು.

ಅವರು ಮಂಚದ ಮುಂದೆ ಬಂದು, ಕೇಳಿಸಲೂ ಬೇಕು ಕೇಳಿಸಲೂ ಬಾರದು ಎಂಬಂಥ ದನಿಯಲ್ಲಿ ಹೇಳಿದರು: “ಅಪ್ಪಾಸಾಬ್ರ, ನಾ ಆ ಪುಸ್ತಕ ಓದಿಲ್ಲ.”

ಅಪ್ಪಾಸಾಬರು ನೋವಿನಲ್ಲೂ ಮುಗುಳ್ನಕ್ಕರು. “ನನ್ನ ಸಮಾಧಾನಕ್ಕ ನಿಮ್ಮ ಮಾನಾ ಕಳ್ಕೋತೀರಿ ದಾಜಿ? ಬ್ಯಾಡ್ರಿ.”

“ದೇವರಾಣಿ ಓದಿಲ್ರಿ! ಯಾವ ಪುಸ್ತಕಾನೂ ಓದಿಲ್ಲ!”

“ಕೇಳಿದ್ರೇನು?” ಎಂದರು ಅಪ್ಪಾಸಾಬರು ವಾರ್ಡಿಗೆಲ್ಲ. “ಹಿಂತಾ ಮನಷ್ಯಾ ಸಿಗತಾನೇನು?”

ಸುಳ್ಳು ಹೇಳಿದಾಗ ಊರೆಲ್ಲ ನಂಬಿತ್ತು. ನಿಜ ಹೇಳಿದಾಗ ನಂಬುವವರು ಒಬ್ಬರೂ ಇರಲಿಲ್ಲ. ತಾತ್ಯಾಸಾಹೇಬರು ಸರ್ಜನ್ನರ ಮುಖ ನೋಡಿದರು. ಸರ್ಜನ್ನರು ಗಡಿಯಾರ ನೋಡಿದರು. ಆಗ ಸಂಪದಾ ಕಣ್ಣೊರೆಸಿಕೊಂಡು ಮುಂದೆ ಬಂದಳು. “ಪಪ್ಪಾ, ಮಾಮಾಂದು ಪರೀಕ್ಷಾ ತಗೋರಿ. ಪುಸ್ತಕದಾಗಿಂದು ಕೇಳ್ರಿ. ಹೇಳಾಕ ಬರಲಿಲ್ಲಂದ್ರ ಓದಿಲ್ಲ ಅಂತ ಮಾನಾಯ್ಚಂ, ನಂಬೂದು.”

ನಪಾಸಾಗಲು ಇಷ್ಟು ಕಾತರನಾದ ವಿದ್ಯಾರ್ಥಿಯನ್ನು ಯಾವ ಶಾಲೆಯೂ ಕಂಡಿರಲಾರದು. ತಾತ್ಯಾಸಾಹೇಬರು ಕೈಕಟ್ಟಿ ನಿಂತರು. ಸರ್ಜನ್, ನರ್ಸು, ಪರದೆ ಸರಿಸಿದ ಕಾಗವಾಡದ ಮುದುಕ, ಎಲ್ಲರೂ ಸುತ್ತುಗಟ್ಟಿದರು. ನೆರೆಮನೆಯ ಶಿವಲಿಂಗಪ್ಪನವರೂ ರೋಗಿಯನ್ನು ನೋಡಲು ಬಾಳೆಹಣ್ಣು ಹಿಡಿದು ಅದೇ ಗಳಿಗೆಯಲ್ಲಿ ಒಳಗೆ ಬಂದರು; ವಿಧಿ ಸಾಕ್ಷಿಗಳನ್ನು ಒದಗಿಸುವುದರಲ್ಲಿ ಎಂದೂ ಜಿಪುಣತನ ಮಾಡಿದ್ದಲ್ಲ.

“ಇನ್ಸ್‌ಪೆಕ್ಟರನ ಹೆಸರೇನು?” ಎಂದು ಕೇಳಿದರು ಅಪ್ಪಾಸಾಬರು.

“ಪರಂಜ್ಯೋತಿ!” ಎಂದುಬಿಟ್ಟರು ತಾತ್ಯಾಸಾಹೇಬರು. ಅಷ್ಟು ವರ್ಷದ ಅಭ್ಯಾಸ. ಗೊತ್ತಿದ್ದ ಒಂದೇ ಉತ್ತರ ಬಾಯಿಂದ ತಾನಾಗಿ ಹಾರಿತು. ಸಂಪದಾ ತಲೆ ಚಚ್ಚಿಕೊಂಡಳು.

“ನೋಡಿದ್ರೆಲ್ಲ?” ಎಂದರು ಅಪ್ಪಾಸಾಬರು.

“ಅದು ಹಿಂದಿನ ರಟ್ಟಿನ ಮ್ಯಾಲ ಐತ್ರಿ! ಒಳಗಿಂದು ಕೇಳ್ರಿ!”

“ವಾಡೇದ ಮುದಕಿ ಯಾರ ಮ್ಯಾಲ ಸಂಶೇ ತಗೋತಾಳ?”

“ಗೊತ್ತಿಲ್ಲ.”

“ಹಾರ ಇಟ್ಟ ಪೆಟಗಿ ಯಾತರದು?”

“ಗೊತ್ತಿಲ್ಲ.”

“ಬೇಕಂತಽ ಗೊತ್ತಿಲ್ಲ ಅಂತೀರಿ,” ಎಂದು ಅಪ್ಪಾಸಾಬರು ತಲೆಯಾಡಿಸಿದರು. “ಕಡೀದು ಕೇಳತೇನಿ. ನಾಯೀಗೆ ವಿಷ ಹಾಕಿದವ್ರ್ಯಾರು?”

ತಾತ್ಯಾಸಾಹೇಬರ ಮುಖ ಒಮ್ಮೆಲೆ ಅರಳಿತು. ಕಣ್ಣು ದೊಡ್ಡವಾದವು. “ನಾಯಿ ಐತೇನ್ರಿ ಅದರಾಗ?”

ಆ ಪ್ರಶ್ನೆಯಲ್ಲಿದ್ದ ಬೆರಗು ಎಷ್ಟು ನಿಷ್ಕಳಂಕವಾಗಿತ್ತೆಂದರೆ, ಜಗತ್ತಿನ ಯಾವ ನಟನಿಂದಲೂ ಅದನ್ನು ಅಭಿನಯಿಸುವುದಾಗುತ್ತಿರಲಿಲ್ಲ. ಅಪ್ಪಾಸಾಬರ ಕೈಯಿಂದ ಚೀಲ ಜಾರಿತು.

“ಅರ್ಧ ಪುಸ್ತಕ ನಾಯೀದಽ ಐತಿ ದಾಜಿ.”

“ಹೌದೇನ್ರಿ?”

“ನಾಯಿ ಸತ್ತಾಗ ನಾ ಅತ್ತೇನಿ, ದಾಜಿ.”

“ನನಗ ಗೊತ್ತಿರಲಿಲ್ರಿ.”

“ಹಂಗಾರ ಓದಿಲ್ಲ!” ಎಂದು ಕಾಗವಾಡದ ಮುದುಕ ತೀರ್ಪು ಕೊಟ್ಟ. “ಏ ಬಾಯಿ, ಸೂಜಿ ತಾ!”

ಅಪ್ಪಾಸಾಬರು ನಗತೊಡಗಿದರು. ಮೊದಲು ಮೀಸೆ ನಕ್ಕಿತು, ಆಮೇಲೆ ಹೆಗಲು, ಆಮೇಲೆ ನೋಯುವ ಹೊಟ್ಟೆ. “ಅಯ್ಯೋ... ನಗಿಸಬ್ಯಾಡ್ರಿ... ಎರಡ ಸಲ ಓದೇನಿ ಅಂದ್ರಿ! ಡಾಕ್ಟರ್ರ, ಲವಕರ ಕೊಯ್ರಿ, ಈ ಮನಷ್ಯಾನ ಮಾರಿ ನೋಡಿದ್ರ ಅಲ್ಲೇ ಒಡೀತೈತಿ!” ನಗುತ್ತಲೇ ಧೋತರ ಬಿಚ್ಚಿ ದವಾಖಾನೆಯ ಬಟ್ಟೆ ಕೇಳಿದರು. ಎಲ್ಲರೂ ನಕ್ಕರು. ಸರ್ಜನ್ನರು ನಕ್ಕರು, ಸಂಪದಾ ಅಳುತ್ತ ನಕ್ಕಳು.

ನಗದೆ ನಿಂತವರು ಇಬ್ಬರು. ಒಬ್ಬರು ತಾತ್ಯಾಸಾಹೇಬರು. ಮತ್ತೊಬ್ಬರು ಶಿವಲಿಂಗಪ್ಪನವರು.

“ಹಂಗಾರ ತಾತ್ಯಾ,” ಎಂದರು ಶಿವಲಿಂಗಪ್ಪನವರು ಮೆಲ್ಲಗೆ, “ನಮ್ಮ ಅವ್ವಗ ಕೊಟ್ಟ ಪುಸ್ತಕ? ಕಾಶೀದು?”

ತಾತ್ಯಾಸಾಹೇಬರು ನೆಲ ನೋಡಿದರು.

“ಅವ್ವ ತೀರಿ ಹ್ವಾದಾಗ ಅದು ಎದಿ ಮ್ಯಾಲಿತ್ತು. ಕಾಶೀಗೆ ಹೋಗಬೇಕಂತ ಅಕೀಗೆ ಭಾಳ ಆಸೆ ಇತ್ತು, ಆಗಲಿಲ್ಲ. ತಾತ್ಯಾ ನನ್ನ ಮನಸ್ಸ ಓದಿ ಕೊಟ್ಟಾನ ಅಂತ ಬಂದವ್ರಿಗೆಲ್ಲ ಹೇಳತಿದ್ಲು.”

“ರಟ್ಟಿನ ಮ್ಯಾಲ ಚಾಕೂನ ಚಿತ್ರ ಇತ್ತರಿ,” ಎಂದರು ತಾತ್ಯಾಸಾಹೇಬರು.

ಶಿವಲಿಂಗಪ್ಪನವರು ಬಾಳೆಹಣ್ಣನ್ನು ಮಂಚದ ಬದಿಗಿಟ್ಟರು. “ಇರಲಿ ಬಿಡ್ರಿ,” ಎಂದರು. ಬೈದಿದ್ದರೆ ತಾತ್ಯಾಸಾಹೇಬರು ತಡೆದುಕೊಳ್ಳುತ್ತಿದ್ದರು.

ಗಾಲಿಯ ಮಂಚದ ಮೇಲೆ ಅಪ್ಪಾಸಾಬರನ್ನು ಒಯ್ಯುವಾಗ ಆಪರೇಶನ್ ಕೋಣೆಯ ಹಸಿರು ಪರದೆಯ ಹತ್ತಿರ ಅವರು ಕೈಯೆತ್ತಿ ನಿಲ್ಲಿಸಿದರು. “ದಾಜಿ, ನಾ ಬರೂತನಕ ಕುಂತು ಅದನ್ನ ಓದ್ರಿ. ಪೂರಾ ಬ್ಯಾಡ. ನಾಯೀತನಕ.”

ತಾತ್ಯಾಸಾಹೇಬರು ಮೊಗಸಾಲೆಯ ಬೆಂಚಿನ ಮೇಲೆ ಕೂತರು. ಕನ್ನಡಕವನ್ನು ತಲೆಯಿಂದ ಕಣ್ಣಿಗಿಳಿಸಿದರು. ಮಾಣಿಕಬಾಯಿ ಪಕ್ಕದಲ್ಲಿ ಣಮೋಕಾರ ಮಂತ್ರ ಜಪಿಸುತ್ತ ಕೂತಳು. ಮೊದಲ ಪುಟದಲ್ಲಿ ಮಳೆ ಬರುತ್ತಿತ್ತು. ಎರಡನೆಯದರಲ್ಲಿ ಲಾಟೀನು ಆರಿತು. ಮುಂದೆಲ್ಲೋ ಬಾಗಿಲ ಸಂದಿಯಿಂದ ಒಂದು ಕುಂಟು ನಾಯಿ ಮೂಗು ತೂರಿಸಿತು. ಕಪ್ಪು ನಾಯಿ, ಒಂದೇ ಕಿವಿ ಬಿಳಿದು. ತಾತ್ಯಾಸಾಹೇಬರು ಪುಟ ಮಗುಚಿದರು, ಮತ್ತೆ ಮಗುಚಿದರು. ಎಷ್ಟೋ ವರ್ಷ ಮುಖಕ್ಕೆ ಮರೆಯಾಗಿದ್ದ ಕಾಗದ ಈಗ ಕಿಟಕಿಯಾಗಿ ತೆರೆದಿತ್ತು.

ಪರದೆ ಸರಿಯಿತು. ಸರ್ಜನ್ನರು ಕಲ್ಲುಗಳಿದ್ದ ಸೀಸೆ ಹಿಡಿದು ಬಂದು, “ಛಾನ ಝಾಲಂ! ಎಲ್ಲಾ ಸರಿ ಆತು!” ಎಂದು ತಮ್ಮ ನಾಲ್ಕನೆಯ ಕನ್ನಡ ವಾಕ್ಯ ಆಡಿದರು.

ತಾತ್ಯಾಸಾಹೇಬರು ತಲೆಯೆತ್ತದೆ ಅಂಗೈ ತೋರಿಸಿದರು. “ಒಂದೀಟ ತಡೀರಿ. ನಾಯೀಗೆ ವಿಷ ಹಾಕಾಕತ್ತಾರ.”

ಮಾಣಿಕಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ತಾವೇನು ಅಂದೆವೆಂಬುದು ತಾತ್ಯಾಸಾಹೇಬರಿಗೆ ಅರಿವಾಗಲು ಒಂದು ಕ್ಷಣ ಹಿಡಿಯಿತು. ನಾಚಿಕೆಪಡುವುದರಲ್ಲಿ ಇನ್ನು ಹೊಸದೇನೂ ಉಳಿದಿಲ್ಲವೆಂದು ಅವರು ತಿಳಿದಿದ್ದರು. ಉಳಿದಿತ್ತು.

ಅದರ ಮುಂದಿನ ರವಿವಾರ ಗುಂಪಿನಲ್ಲಿ ರಹಸ್ಯ ಬರಲಿಲ್ಲ. ಬದಲಿಗೆ ಬಾಹುಬಲಿ ಬರೆದ: “ತಾತ್ಯಾ, ನನ್ನ ರಾಣಿಜೇನಿನ ಮೇಲಿನ ಕೇಸು ಹಿಂದಕ್ಕೆ ತೆಗೆದುಕೊಳ್ಳಲೋ?” ಕನ್ನಡ ಓದಲು ಬಾರದ ಮಕ್ಕಳೂ ಯಾರಿಂದಲೋ ಓದಿಸಿಕೊಂಡು ಹೆಬ್ಬೆರಳೆತ್ತಿದರು. ಹಾಲು ತರಲು ಹೋಗುವಾಗ ತಾತ್ಯಾಸಾಹೇಬರು ಶಿವಲಿಂಗಪ್ಪನವರ ಮನೆಯ ಮುಂದಿನ ದಾರಿ ಬಿಟ್ಟು ಹಿಂದಿನ ಗಲ್ಲಿ ಹಿಡಿದರು.

ಆದರೆ ಅವರನ್ನು ನಾಚಿಕೆಗಿಂತ ಹೆಚ್ಚಾಗಿ ಕಾಡಿದ್ದು ಬೇರೆ. ಡಾಕ್ಟರು ಕೈ ತೊಳೆಯುತ್ತ “ಇನ್ನ ಮಾಡೂದು ಏನೂ ಉಳದಿಲ್ಲ” ಎಂದ ಮೇಲೆ ಪರಂಜ್ಯೋತಿಗೆ ಏನಾಯಿತು? ಊಟ ರುಚಿಸಲಿಲ್ಲ, ಮಧ್ಯಾಹ್ನದ ನಿದ್ರೆ ಹಾರಿತು. ರದ್ದಿ ಅಂಗಡಿಯನ್ನು ತಲೆಕೆಳಗು ಮಾಡಿದರು. ಕಡೆಗೆ, ಕಾಗವಾಡದ ಮುದುಕನ ಮನೆಯ ಅಟ್ಟದಲ್ಲಿ ಅದೇ ಪುಸ್ತಕದ ಇಡೀ ಪ್ರತಿ ಸಿಕ್ಕಿ, ಆತ ಅದನ್ನು ಅಪ್ಪಾಸಾಬರಿಗೆ ಕಳಿಸಿದ್ದಾನೆಂದು ಸುದ್ದಿ ಬಂತು. ತಾತ್ಯಾಸಾಹೇಬರು ಮ್ಹೈಸಾಳದ ಬಸ್ಸು ಹತ್ತಿದರು.

ಸೂರ್ಯ ಇಳಿಯುವ ಮುನ್ನ ಊಟ ಮುಗಿಸಿ ಅಪ್ಪಾಸಾಬರು ಪಡಸಾಲೆಯಲ್ಲಿ ಕೂತಿದ್ದರು. ಪಕ್ಕದ ಗೂಡಿನಲ್ಲಿ ಕಲ್ಲಿನ ಸೀಸೆ, ಬಂದವರಿಗೆಲ್ಲ ತೋರಿಸಲು.

“ಬರ್ರಿ ದಾಜಿ, ಕುಂದರ್ರಿ. ಚಾ ಮಾಡಸ್ಲೇನು?”

“ಚಾ ಇರಲ್ರಿ. ಮುಂದೇನಾತು? ಪರಂಜ್ಯೋತಿ ಉಳದನೋ ಇಲ್ಲೋ?”

ಅಪ್ಪಾಸಾಬರು ಮೀಸೆ ತಿರುವಿದರು. ನಿಧಾನವಾಗಿ ಎದ್ದರು. ತಾತ್ಯಾಸಾಹೇಬರ ಭುಜದ ಮೇಲೆ ಕೈಯಿಟ್ಟು, ಥೇಟ್ ಅವರಂತೆಯೇ, ದೀರ್ಘವಾಗಿ ನಿಟ್ಟುಸಿರುಬಿಟ್ಟರು.

“ಕಡೀಕ ಇನ್ನೊಂದ ತಿರುವು ಐತಿ. ನಾ ಹೇಳೂದಿಲ್ಲ. ನೀವಽ ಓದಿ ನೋಡ್ರಿ.”

“ಪುಸ್ತಕ ಕೊಡ್ರಿ ಹಂಗಾರ!”

“ನನ್ನ ಕಡೆ ಎಲ್ಲೈತಿ? ಶಿವಲಿಂಗಪ್ಪನವರು ಬೇಡಿ ಒಯ್ದಾರ. ಮಗ್ಗಲ ಮನಿ ಅಲ್ಲೇನು? ಅವರ ಕಡೆ ಇಸ್ಗೋರಿ.”

ಮರುದಿನ ಮುಂಜಾನೆ ತಾತ್ಯಾಸಾಹೇಬರು ಶಿವಲಿಂಗಪ್ಪನವರ ಮನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಗಂಟೆಯ ಗುಂಡಿಯವರೆಗೆ ಹೋದ ಬೆರಳು ಮರಳಿ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಒಳಗಿನಿಂದ ನೋಡುತ್ತಿದ್ದ ಶಿವಲಿಂಗಪ್ಪನವರೇ ಬಾಗಿಲು ತೆರೆದರು.

“ಆ ಪುಸ್ತಕ...” ಎಂದರು ತಾತ್ಯಾಸಾಹೇಬರು.

ಶಿವಲಿಂಗಪ್ಪನವರು ಒಳಗೆ ಹೋಗಿ ಒಂದು ಪುಸ್ತಕ ತಂದು ಕೈಯಲ್ಲಿಟ್ಟರು. ಮುಖಪುಟದಲ್ಲಿ ವಾಡೆ, ಲಾಟೀನು ಇರಲಿಲ್ಲ, ರಕ್ತ ತೊಟ್ಟಿಕ್ಕುವ ಚಾಕು ಇತ್ತು. ಅಂಚಿನಲ್ಲಿ, ವಿಭೂತಿ ಹಚ್ಚಿದ ಬೆರಳು ಪುಟ ಮಗುಚಿ ಮಗುಚಿ ಬೆಳ್ಳಗಾದ ಗುರುತು.

“ಮೊದಲ ಇದನ್ನ ಓದ್ರಿ,” ಎಂದರು ಶಿವಲಿಂಗಪ್ಪನವರು. “ಕಡೀತನಕ. ಆಮ್ಯಾಲ ಅದನ್ನ ಕೊಡತೇನಿ.”

ಬಾಗಿಲು ಮೆಲ್ಲಗೆ ಮುಚ್ಚಿತು. ತಾತ್ಯಾಸಾಹೇಬರು ಮನೆಗೆ ಹೋಗಲಿಲ್ಲ. ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಿರಲು, ಅದೇ ಮೆಟ್ಟಿಲ ಮೇಲೆ ಕೂತು, ಕನ್ನಡಕ ಇಳಿಸಿ, ಮೊದಲ ಪುಟ ತೆರೆದರು. ಅಲ್ಲಿ ಒಂದು ಕೊಲೆಯಾಗಿತ್ತು. ಕಾಶಿ ಇನ್ನೂ ಬಹಳ ದೂರವಿತ್ತು.